ಸಂಚಾರಿ ವಿನೋದ ವ್ಯವಹಾರಗಳೂ ವಿಮೆಯೂ: ಒಂದು ವಿವೇಚನೆ

ಪುಷ್ಯ ಮಾಸದಲ್ಲಿ ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಗಾಗಲಿ ಕೊಪ್ಪಳದ ಗವಿಮಠದ ಜಾತ್ರೆಗಾಗಲಿ ಹೋದವರು ರಥವನ್ನು ನೋಡಿದಂತೆಯೇ ಅದಕ್ಕಿಂತಲೂ ಎತ್ತರಕ್ಕೆ ನಿಂತ ರಾಟೆತೊಟ್ಟಿಲನ್ನೂ ನೋಡಿಯೇ ಇರುತ್ತಾರೆ. ಅದರ ಪಕ್ಕದಲ್ಲಿ ಕೊಲಂಬಸ್ ಎಂದು ಹೆಸರಾದ ತೂಗುವ ಹಡಗು, ಮಕ್ಕಳ ಕುದುರೆಬಂಡಿ, ಹಲಗೆಗಳ ಬಾವಿಯೊಳಗೆ ಮೋಟಾರು ಸೈಕಲ್ ಓಡಿಸುವ ಸಾಹಸ, ಮುಂದೆ ನಾಟಕ ಕಂಪೆನಿಯ ಡೇರೆ. ಜಾತ್ರೆ ಕರಗಿದ ಕೆಲವು ದಿನಗಳಲ್ಲಿ ಇವೆಲ್ಲವೂ ಬಿಡಿಬಿಡಿಯಾಗಿ ಲಾರಿಯೇರಿ ಮತ್ತೊಂದು ಊರಿಗೆ ಹೊರಡುತ್ತವೆ. ಶಿವರಾತ್ರಿಗೆ ಸಿದ್ಧಗಂಗೆ, ಎರಡು ವರ್ಷಗಳಿಗೊಮ್ಮೆ ಫಾಲ್ಗುಣದಲ್ಲಿ ಶಿರಸಿಯ ಮಾರಿಕಾಂಬೆ, ಶರದೃತುವಿನಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನ: ಹೀಗೆ ಪಂಚಾಂಗವೇ ಈ ವ್ಯವಹಾರದ ಭೂಪಟ. ಮಳೆಗಾಲದಲ್ಲಿ ಮಾತ್ರ ಯಂತ್ರಗಳಿಗೆ ಯಾವುದೋ ಊರಿನ ಕೊಟ್ಟಿಗೆಯಲ್ಲಿ ವಿಶ್ರಾಂತಿ.

ವಾಣಿಜ್ಯಶಾಸ್ತ್ರದ ಪಾಠಪುಸ್ತಕಗಳಲ್ಲಿ ಕಾರ್ಖಾನೆಯ ವಿಮೆ, ಗೋದಾಮಿನ ವಿಮೆ, ಹಡಗಿನ ವಿಮೆ, ವಾಹನದ ವಿಮೆಗಳ ವಿವರಣೆ ಯಥೇಷ್ಟವಾಗಿ ದೊರೆಯುತ್ತದೆ. ಊರೂರು ತಿರುಗುವ ಈ ವಿನೋದ ವ್ಯವಹಾರದ ವಿಮೆಯನ್ನು ಕುರಿತು ಪ್ರತ್ಯೇಕವಾದ ಪ್ರಕರಣವೊಂದು ಅವುಗಳಲ್ಲಿ ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಇದನ್ನು ವಿವೇಚಿಸಲು ಎರಡು ಕಾರಣಗಳುಂಟು. ವಿಮಾಶಾಸ್ತ್ರದ ಮೂಲತತ್ತ್ವಗಳೆಲ್ಲವೂ ಇಲ್ಲಿ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಮೊದಲನೆಯದು. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು: ಕಾರ್ಖಾನೆಯಲ್ಲಿ ಅನಾಹುತವಾದರೆ ನಷ್ಟವನ್ನು ಕೇಳಲು ಕಾರ್ಖಾನೆ ಅಲ್ಲಿಯೇ ಇರುತ್ತದೆ. ಜಾತ್ರೆಯ ತೊಟ್ಟಿಲಿನಿಂದ ಬಿದ್ದ ಹುಡುಗನ ತಂದೆತಾಯಿಗಳು ಆಸ್ಪತ್ರೆಯಿಂದ ಹಿಂದಿರುಗುವ ವೇಳೆಗೆ ಅಲ್ಲಿ ಕಂಬ ನೆಟ್ಟಿದ್ದ ಗುಂಡಿಗಳು ಮಾತ್ರ ಉಳಿದಿರಬಹುದು.

೧. ಚಲಿಸುವ ಸೊತ್ತು ಮತ್ತು ವಿಮೆಯ ಮೂಲ

ವಿಮೆಯ ಚರಿತ್ರೆಯನ್ನು ಅವಲೋಕಿಸಿದರೆ ಒಂದು ವೈಚಿತ್ರ್ಯ ಕಂಡುಬರುತ್ತದೆ. ಅದು ಹುಟ್ಟಿದ್ದು ಸ್ಥಿರವಾದ ಸೊತ್ತಿಗಾಗಿ ಅಲ್ಲ, ಚಲಿಸುವ ಸೊತ್ತಿಗಾಗಿ. ಉಳಿದುಬಂದಿರುವ ವಿಮಾ ಕರಾರುಗಳಲ್ಲಿ ಅತ್ಯಂತ ಪ್ರಾಚೀನವೆಂದು ಸಾಮಾನ್ಯವಾಗಿ ಗಣಿಸಲಾಗುವ ಪತ್ರ 1347ರಲ್ಲಿ ಇಟಲಿಯ ಜಿನೋವಾ ನಗರದಲ್ಲಿ ಬರೆಯಲ್ಪಟ್ಟದ್ದು. ಅದರ ವಿಷಯ ಒಂದು ಹಡಗಿನ ಪ್ರಯಾಣ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ವಿಮಾ ವ್ಯವಹಾರ ಬೆಳೆದದ್ದೂ ಹಡಗುಗಳ ದೆಸೆಯಿಂದಲೇ.

ನಮ್ಮ ದೇಶದಲ್ಲಿ ವಿಮೆಯೆಂಬ ಕರಾರು ಪ್ರಾಚೀನ ಕಾಲದಲ್ಲಿ ರೂಪುಗೊಂಡಿರಲಿಲ್ಲವಾದರೂ ಅದರ ಹಿಂದಿನ ತರ್ಕ ಪರಿಚಿತವಾಗಿಯೇ ಇದ್ದಿತು. ಅರಣ್ಯಮಾರ್ಗದಲ್ಲಿ ಸಂಚರಿಸುವ ವರ್ತಕರು ಸಾಲಕ್ಕೆ ತಿಂಗಳಿಗೆ ನೂರಕ್ಕೆ ಹತ್ತರಂತೆಯೂ ಸಮುದ್ರಯಾನ ಮಾಡುವವರು ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನೆಂಬುದು ಕನ್ನಡಿಗರಿಗೆ ತಿಳಿದ ವಿಷಯವೇ. ದಾರಿಯ ಅಪಾಯ ಹೆಚ್ಚಿದಂತೆ ಹಣ ಕೊಡುವವನ ಪ್ರತಿಫಲವೂ ಹೆಚ್ಚಬೇಕೆಂಬುದೇ ಇದರ ತಾತ್ಪರ್ಯ. ಇಂದಿನ ಪ್ರೀಮಿಯಂ ಎಂಬುದೂ ಇದೇ ತರ್ಕದ ಮೇಲೆ ನಿಂತಿದೆ.

ಹೀಗಿರಲು, ಚಲಿಸುವ ಸೊತ್ತಿಗಾಗಿಯೇ ಹುಟ್ಟಿದ ವಿಮೆ ಚಲಿಸುವ ವ್ಯವಹಾರದ ಮುಂದೆ ಏಕೆ ಹಿಂಜರಿಯಬೇಕು? ಉತ್ತರ ಸ್ಪಷ್ಟವಾಗಿದೆ. ಕಾಲಕ್ರಮದಲ್ಲಿ ಬೆಂಕಿ ವಿಮೆ ಬೆಳೆದು, ವಿಮಾಪತ್ರಗಳು ವಿಳಾಸವನ್ನು ಆಧಾರವಾಗಿ ಇಟ್ಟುಕೊಂಡವು. ಗೋಡೆ ಯಾವುದರದು, ಮಾಡು ಯಾವುದರದು, ನೆರೆಯಲ್ಲಿ ಏನಿದೆ, ಅಗ್ನಿಶಾಮಕ ಠಾಣೆ ಎಷ್ಟು ದೂರ ಎಂಬುದನ್ನೆಲ್ಲ ವಿಳಾಸದಿಂದ ತಿಳಿಯಬಹುದು. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಜಾರಿಗೆ ಬಂದ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪ್ರಮಾಣಿತ ವಿಮಾಪತ್ರವೂ ಒಂದು ಸ್ಥಳದಲ್ಲಿರುವ 5 ಕೋಟಿ ರೂಪಾಯಿಗೆ ಮೀರದ ಸೊತ್ತನ್ನು ಉದ್ದೇಶಿಸಿದ್ದು. ಇಲ್ಲಿ ‘ಒಂದು ಸ್ಥಳ’ ಎಂಬ ಮಾತನ್ನು ಗಮನಿಸಬೇಕು. ವರ್ಷಕ್ಕೆ ಹತ್ತು ಹದಿನೈದು ಸ್ಥಳಗಳನ್ನು ಕಾಣುವ ಯಂತ್ರಕ್ಕೆ ಈ ಅಳತೆಯ ಅಂಗಿ ಹೊಂದುವುದಿಲ್ಲ.

ಆದರೆ ಹಡಗಿನ ವಿಮೆ ಈ ತೊಡಕನ್ನು ಬಗೆಹರಿಸಿಕೊಂಡಿತ್ತು. ನಮ್ಮ 1963ರ ಸಾಗರ ವಿಮಾ ಅಧಿನಿಯಮದಲ್ಲಿ ಪ್ರಯಾಣಕ್ಕೆ ಕಟ್ಟುಬಿದ್ದ ವಿಮಾಪತ್ರ, ಕಾಲಾವಧಿಗೆ ಕಟ್ಟುಬಿದ್ದ ವಿಮಾಪತ್ರ ಎಂಬ ವಿಂಗಡಣೆಯಿದೆ. ಪ್ರಯಾಣದ ವಿಮೆಯಲ್ಲಿ, ಹೊರಡುವ ಹೊತ್ತಿಗೆ ಹಡಗು ಸಮುದ್ರಯಾನಕ್ಕೆ ಯೋಗ್ಯವಾಗಿದೆಯೆಂಬ ಭರವಸೆ ಬಾಯಿಬಿಟ್ಟು ಹೇಳದಿದ್ದರೂ ಕರಾರಿನಲ್ಲಿ ಅಡಕವಾಗಿರುತ್ತದೆ. ಬೇರೆ ಬೇರೆ ಬಗೆಯ ಸಿದ್ಧತೆಯನ್ನು ಬೇಡುವ ಹಂತಗಳಲ್ಲಿ ಪ್ರಯಾಣ ನಡೆಯುವುದಾದರೆ ಪ್ರತಿಯೊಂದು ಹಂತದ ಆರಂಭದಲ್ಲಿಯೂ ಈ ಭರವಸೆ ಹೊಸದಾಗಿ ಸಲ್ಲಬೇಕು. ವಿಳಾಸವಿಲ್ಲದ ಸೊತ್ತಿಗೆ ಯೋಗ್ಯತೆಯ ಪುನಃಪರೀಕ್ಷೆಯೇ ವಿಳಾಸದ ಸ್ಥಾನವನ್ನು ತುಂಬುತ್ತದೆ ಎಂಬುದು ಇದರ ಸಾರ. ಮುಂದಿನ ವಿವೇಚನೆಗೆ ಈ ಸೂತ್ರವನ್ನೇ ನಾವು ಆಧಾರವಾಗಿ ಇಟ್ಟುಕೊಂಡಿದ್ದೇವೆ.

೨. ಒಂದು ತೊಟ್ಟಿಲಿನ ನಾಲ್ಕು ಅವಸ್ಥೆಗಳು

ವಿಷಯ ಸ್ಪಷ್ಟವಾಗುವಂತೆ, ಒಂದು ರಾಟೆತೊಟ್ಟಿಲು, ಒಂದು ಜನರೇಟರು, ಎಂಟು ಮಂದಿ ಕೆಲಸಗಾರರು ಇರುವ ಒಬ್ಬ ಮಾಲೀಕನನ್ನು ಕಲ್ಪಿಸಿಕೊಳ್ಳೋಣ. ಅವನ ಯಂತ್ರ ವರ್ಷದಲ್ಲಿ ನಾಲ್ಕು ಅವಸ್ಥೆಗಳನ್ನು ಪಡೆಯುತ್ತದೆ: ಲಾರಿಯ ಮೇಲೆ ಸಾಗುವುದು, ಮೈದಾನದಲ್ಲಿ ಜೋಡಣೆಯಾಗುವುದು, ಜನರನ್ನು ಹೊತ್ತು ತಿರುಗುವುದು, ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿರುವುದು. ವಿಮೆಯ ದೃಷ್ಟಿಯಿಂದ ಇವು ನಾಲ್ಕು ಬೇರೆ ಬೇರೆ ವಸ್ತುಗಳೆಂದರೂ ತಪ್ಪಾಗಲಾರದು.

ಸಾಗಾಟದಲ್ಲಿರುವಾಗ ಅದು ಸರಕು. ಲಾರಿಗೆ 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಮೂರನೆಯ ವ್ಯಕ್ತಿಗಳ ಪರವಾದ ವಿಮೆ ಕಡ್ಡಾಯ. ಈ ಕಡ್ಡಾಯ ವಿಮೆ ಲಾರಿಯಿಂದ ದಾರಿಹೋಕನಿಗೆ ಆಗುವ ಹಾನಿಗೆ ಸಂಬಂಧಪಟ್ಟದ್ದೇ ಹೊರತು ಲಾರಿಯ ಮೇಲಿರುವ ಉಕ್ಕಿನ ಚೌಕಟ್ಟಿಗೆ ಸಂಬಂಧಪಟ್ಟದ್ದಲ್ಲ. ಘಾಟಿಯ ತಿರುವಿನಲ್ಲಿ ಲಾರಿ ಮಗುಚಿ ತೊಟ್ಟಿಲಿನ ಅರೆಕಾಲುಗಳು ಬಾಗಿದರೆ ಅದಕ್ಕೆ ಸರಕು ಸಾಗಾಟದ ವಿಮೆಯೇ ಬೇಕು. ಲಾರಿಗೆ ವಿಮೆಯಿದೆ, ಆದುದರಿಂದ ಎಲ್ಲಕ್ಕೂ ವಿಮೆಯಿದೆ ಎಂದು ತಿಳಿಯುವುದು ಪ್ರಮಾದ.

ಜೋಡಣೆಯ ಅವಸ್ಥೆ ಅತ್ಯಂತ ಸೂಕ್ಷ್ಮವಾದದ್ದು. ಸಾಗಾಟದ ವಿಮೆ ಸಾಮಾನು ಇಳಿಸುವುದರೊಂದಿಗೆ ಮುಗಿಯಬಹುದು. ಸ್ಥಳದ ವಿಮೆ ಯಂತ್ರ ಪೂರ್ಣವಾಗಿ ನಿಂತ ಮೇಲೆ ಆರಂಭವಾಗಬಹುದು. ಇವೆರಡರ ನಡುವಿನ ಒಂದೆರಡು ದಿನಗಳಲ್ಲಿ ಕಂಬ ಎತ್ತುವಾಗ ಹಗ್ಗ ಕಡಿದರೆ ನಷ್ಟ ಯಾರ ಪಾಲಿಗೆ? ಕಾರ್ಖಾನೆಗಳಲ್ಲಿ ಯಂತ್ರಸ್ಥಾಪನೆಯ ಕಾಲಕ್ಕೆಂದೇ ಪ್ರತ್ಯೇಕ ವಿಮಾಪತ್ರಗಳುಂಟು. ಆದರೆ ಕಾರ್ಖಾನೆಯಲ್ಲಿ ಸ್ಥಾಪನೆ ಒಂದು ಸಲದ ಕಾರ್ಯ. ಇಲ್ಲಿ ಅದು ವರ್ಷಕ್ಕೆ ಹತ್ತಾರು ಸಲ. ಆದುದರಿಂದ ವಿಮಾಪತ್ರವನ್ನು ಕೊಳ್ಳುವಾಗಲೇ ‘ಬಿಚ್ಚುವುದು, ಏರಿಸುವುದು, ಇಳಿಸುವುದು, ಜೋಡಿಸುವುದು’ ಈ ನಾಲ್ಕು ಕ್ರಿಯೆಗಳು ರಕ್ಷಣೆಯೊಳಗೆ ಇವೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಯುಕ್ತ.

ತಿರುಗುವ ಅವಸ್ಥೆಯಲ್ಲಿ ಬೆಂಕಿ, ಬಿರುಗಾಳಿ, ನೆರೆ, ಗಲಭೆ ಇವುಗಳಿಂದಾಗುವ ನಷ್ಟ ಒಂದು ಬಗೆ; ಬೇರಿಂಗು ಸವೆದು ಅಥವಾ ಮೋಟಾರು ಸುಟ್ಟು ಯಂತ್ರವೇ ಕೆಡುವುದು ಮತ್ತೊಂದು ಬಗೆ. ಮೊದಲನೆಯದನ್ನು ಬೆಂಕಿ ಹಾಗೂ ವಿಶೇಷ ಅಪಾಯಗಳ ವಿಮೆ ಒಳಗೊಳ್ಳುತ್ತದೆ. ಆಕಸ್ಮಿಕವಾದ ಯಂತ್ರಭಂಗಕ್ಕೆ ಬೇರೆ ವಿಮೆ ಬೇಕು. ಕೇವಲ ಸವೆತಕ್ಕೆ ವಿಮೆಯೇ ಇಲ್ಲ. ಏಕೆಂದರೆ ವಿಮೆ ಇರುವುದು ಆಗಬಹುದಾದದ್ದಕ್ಕೆ, ಆಗಿಯೇ ತೀರುವುದಕ್ಕಲ್ಲ.

ಕೊಟ್ಟಿಗೆಯಲ್ಲಿರುವಾಗ ಮಾತ್ರ ಯಂತ್ರಕ್ಕೆ ಒಂದು ವಿಳಾಸವಿದೆ. ವಿಪರ್ಯಾಸವೆಂದರೆ, ಅಪಾಯ ಅತ್ಯಂತ ಕಡಿಮೆಯಿರುವ ಈ ಅವಸ್ಥೆಗೇ ವಿಮೆ ಅತ್ಯಂತ ಸುಲಭವಾಗಿ ದೊರೆಯುತ್ತದೆ.

ಇಲ್ಲಿ ಸರಾಸರಿ ನಿಯಮವನ್ನು ವಿದ್ಯಾರ್ಥಿಗಳು ಮನನ ಮಾಡಿಕೊಳ್ಳಬೇಕು. ನಮ್ಮ ಕಲ್ಪಿತ ಮಾಲೀಕನ ಯಂತ್ರದ ನಿಜವಾದ ಬೆಲೆ 24 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಪ್ರೀಮಿಯಂ ಉಳಿಸುವ ಉದ್ದೇಶದಿಂದ ಅವನು 12 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದಾನೆ. ಬಿರುಗಾಳಿಯಿಂದ 6 ಲಕ್ಷ ರೂಪಾಯಿಯ ನಷ್ಟವಾಗುತ್ತದೆ. ನಷ್ಟ ವಿಮಾ ಮೊತ್ತಕ್ಕಿಂತ ಕಡಿಮೆಯಿರುವುದರಿಂದ ಪೂರ್ತಿ ಹಣ ಬರುವುದೆಂದು ಅವನು ನಂಬಿರುತ್ತಾನೆ. ಬರುವುದು 3 ಲಕ್ಷ ಮಾತ್ರ. ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮಾದಾತನಾಗಿದ್ದಾನೆಂದು ಕರಾರು ಭಾವಿಸುತ್ತದೆ. ಮೇಲೆ ಹೇಳಿದ ‘ಸೂಕ್ಷ್ಮ ಉದ್ಯಮ’ ವಿಮಾಪತ್ರದಲ್ಲಿ ನೂರಕ್ಕೆ 15ರವರೆಗಿನ ಕೊರತೆಯನ್ನು ಮನ್ನಿಸುವ ಸೌಲಭ್ಯವಿದೆಯಾದರೂ ನೂರಕ್ಕೆ 50ರ ಕೊರತೆಗೆ ಅದರಿಂದ ಪರಿಹಾರವಿಲ್ಲ.

೩. ಪ್ರೇಕ್ಷಕರ ಬಗೆಗಿನ ಹೊಣೆ

ಸೊತ್ತಿನ ನಷ್ಟ ಮಾಲೀಕನಿಗೆ ಸೇರಿದ್ದು. ಅದನ್ನು ಅವನು ಸಹಿಸಿಕೊಳ್ಳಬಹುದು. ಚೀಟಿ ಕೊಂಡು ತೊಟ್ಟಿಲೇರಿದವನ ಕೈಕಾಲಿನ ನಷ್ಟ ಹಾಗಲ್ಲ. ತನ್ನ ನಿರ್ಲಕ್ಷ್ಯದಿಂದ ಇತರರಿಗಾದ ಹಾನಿಯನ್ನು ಕಟ್ಟಿಕೊಡುವ ಹೊಣೆ ಮಾಲೀಕನದು. ‘ಅಪಾಯಕ್ಕೆ ನೀವೇ ಹೊಣೆ’ ಎಂಬ ಹಲಗೆಯನ್ನು ತೂಗುಹಾಕಿದ ಮಾತ್ರಕ್ಕೆ ಈ ಹೊಣೆ ನೀಗುವುದಿಲ್ಲ. ತೊಟ್ಟಿಲೇರಿದವನು ಒಪ್ಪಿಕೊಂಡದ್ದು ಎತ್ತರದ ಜುಮ್ಮನ್ನೇ ಹೊರತು ಸಡಿಲಗೊಂಡ ಬೋಲ್ಟನ್ನಲ್ಲ.

ಈ ಹೊಣೆಗಾಗಿ ಇರುವುದು ಸಾರ್ವಜನಿಕ ಹೊಣೆ ವಿಮೆ. ಇದನ್ನು 1991ರ ಸಾರ್ವಜನಿಕ ಹೊಣೆ ವಿಮಾ ಅಧಿನಿಯಮದೊಡನೆ ಬೆರೆಸಿ ತಿಳಿಯಕೂಡದು. 1984ರ ಭೋಪಾಲ ದುರಂತದ ಹಿನ್ನೆಲೆಯಲ್ಲಿ ರಚಿತವಾದ ಆ ಅಧಿನಿಯಮ ಅಪಾಯಕಾರಿ ರಾಸಾಯನಿಕ ಮುಂತಾದ ಪದಾರ್ಥಗಳನ್ನು ನಿರ್ವಹಿಸುವವರಿಗೆ ವಿಮೆಯನ್ನು ಕಡ್ಡಾಯಗೊಳಿಸುತ್ತದೆ. ಜಾತ್ರೆಯ ತೊಟ್ಟಿಲು ಅದರ ವ್ಯಾಪ್ತಿಗೆ ಬರುವುದಿಲ್ಲ. ಎರಡೂ ಒಂದೇ ಹೆಸರಿನವಾದುದರಿಂದ ಪರೀಕ್ಷೆಯ ಉತ್ತರಗಳಲ್ಲಿಯೂ ವ್ಯವಹಾರದಲ್ಲಿಯೂ ಗೊಂದಲಕ್ಕೆ ಅವಕಾಶವುಂಟು. ತೊಟ್ಟಿಲನ್ನು ಹೊತ್ತ ಲಾರಿ ರಸ್ತೆಗಿಳಿಯಲು ವಿಮೆಯಿರಲೇಬೇಕೆಂದು ವಿಧಿಸುವ ಕೇಂದ್ರ ಕಾನೂನಿದೆ. ಅದೇ ತೊಟ್ಟಿಲು ನೆಲದ ಮೇಲೆ ನಿಂತು ಜನರನ್ನು ಆಕಾಶಕ್ಕೆತ್ತಲು ಅಂತಹ ಸಾರ್ವತ್ರಿಕ ಕಾನೂನಿಲ್ಲ. ಪರವಾನಗಿ ನೀಡುವ ಅಧಿಕಾರಿಗಳು ವಿಧಿಸುವ ಷರತ್ತನ್ನು ಅವಲಂಬಿಸಬೇಕಾಗುತ್ತದೆ.

ಸಾರ್ವಜನಿಕ ಹೊಣೆ ವಿಮೆಯಲ್ಲಿ ಎರಡು ಮಿತಿಗಳಿರುತ್ತವೆ: ಒಂದು ಅಪಘಾತಕ್ಕೆ ಇಷ್ಟು, ಒಂದು ವರ್ಷಕ್ಕೆ ಒಟ್ಟು ಇಷ್ಟು. ನಮ್ಮ ಮಾಲೀಕನ ವಿಮಾಪತ್ರದಲ್ಲಿ ಅಪಘಾತದ ಮಿತಿ 25 ಲಕ್ಷ, ವರ್ಷದ ಮಿತಿ 50 ಲಕ್ಷ ಎಂದು ಭಾವಿಸೋಣ. ಒಂದು ಸಂಜೆ ಕೀಲು ಮುರಿದು ಹಲವರಿಗೆ ಗಾಯಗಳಾಗಿ ಒಟ್ಟು ಪರಿಹಾರ 40 ಲಕ್ಷವೆಂದು ನ್ಯಾಯಾಲಯ ನಿರ್ಣಯಿಸಿದರೆ, ವರ್ಷದ ಮಿತಿಯೊಳಗೆ ಹಣ ಉಳಿದಿದ್ದರೂ ವಿಮಾ ಕಂಪೆನಿ ಕೊಡುವುದು 25 ಲಕ್ಷ; ಮಿಕ್ಕ 15 ಲಕ್ಷ ಮಾಲೀಕನ ಮೇಲೆ. ತೊಟ್ಟಿಲಿನ ಅಪಘಾತದಲ್ಲಿ ಗಾಯಗೊಳ್ಳುವವರು ಒಬ್ಬಿಬ್ಬರಲ್ಲ. ಆದುದರಿಂದ ಇಂತಹ ವ್ಯವಹಾರದಲ್ಲಿ ವರ್ಷದ ಮಿತಿಗಿಂತ ಅಪಘಾತದ ಮಿತಿಯೇ ಹೆಚ್ಚು ವಿಚಾರಾರ್ಹ.

ಮತ್ತೊಂದು ಸೂಕ್ಷ್ಮವುಂಟು. ನಮ್ಮ ದೇಶದಲ್ಲಿ ಈ ವಿಮಾಪತ್ರಗಳು ಸಾಮಾನ್ಯವಾಗಿ ಪರಿಹಾರದ ಕೇಳಿಕೆ ಯಾವಾಗ ಬಂದಿತೆಂಬುದನ್ನು ಆಧರಿಸುತ್ತವೆ. ಅಪಘಾತ ರಕ್ಷಣೆಯ ಅವಧಿಯಲ್ಲಿ ಆಗಿದ್ದರಷ್ಟೇ ಸಾಲದು. ಕೇಳಿಕೆ ಬಂದಾಗಲೂ ವಿಮಾಪತ್ರ ಜೀವಂತವಾಗಿರಬೇಕು. ತಡೆಯಿಲ್ಲದೆ ನವೀಕರಿಸುತ್ತ ಬಂದವನಿಗೆ ಹಿಂದಿನ ವರ್ಷಗಳ ರಕ್ಷಣೆಯೂ ಮುಂದುವರಿಯುತ್ತದೆ. ಆಷಾಢದಲ್ಲಿ ವ್ಯಾಪಾರವಿಲ್ಲವೆಂದು ನವೀಕರಣವನ್ನು ಕೈಬಿಟ್ಟು ದಸರೆಯ ಹೊತ್ತಿಗೆ ಹೊಸದಾಗಿ ಕೊಂಡವನು, ಮಾಘದ ಜಾತ್ರೆಯಲ್ಲಿ ಗಾಯಗೊಂಡವನ ಕೇಳಿಕೆ ಕಾರ್ತಿಕದಲ್ಲಿ ಬಂದಾಗ ಬರಿಗೈಯಲ್ಲಿ ನಿಲ್ಲಬೇಕಾದೀತು. ಎರಡು ತಿಂಗಳ ಉಳಿತಾಯ ಇಡೀ ವರ್ಷದ ರಕ್ಷಣೆಯನ್ನು ಕೆಡಿಸುವುದು ಹೀಗೆ.

ಹೊಣೆಯ ಗಾತ್ರವನ್ನು ತಿಳಿಯಲು ಚರಿತ್ರೆಯ ಕಡೆಗೆ ನೋಡಬೇಕು. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ರಿಂಗ್ಲಿಂಗ್ ಸಹೋದರರ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಮಂದಿ ಮೃತರಾದರು. ಮಳೆನೀರು ಇಳಿಯದಿರಲೆಂದು ಡೇರೆಯ ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಪ್ಯಾರಫಿನ್ ಮೇಣವನ್ನು ಬಳಿಯಲಾಗಿತ್ತು. ಮಳೆಯನ್ನು ತಡೆದ ಲೇಪವೇ ಬೆಂಕಿಯನ್ನು ಹಬ್ಬಿಸಿತು. ಪರಿಹಾರದ ಮೊತ್ತ ಹತ್ತಾರು ಲಕ್ಷ ಡಾಲರುಗಳಿಗೆ ಏರಿತು. ಕಂಪೆನಿಯನ್ನು ಹರಾಜು ಹಾಕಿದರೆ ನೊಂದವರಿಗೆ ಏನೂ ಸಿಗಲಾರದೆಂದು ಮನಗಂಡು, ಸರ್ಕಸ್ಸನ್ನು ನಡೆಯಗೊಟ್ಟು ಅದರ ಲಾಭದಿಂದ ಪರಿಹಾರವನ್ನು ಸಲ್ಲಿಸುವ ಏರ್ಪಾಡಾಯಿತು. ಅದು ತೀರಿದ್ದು ಸುಮಾರು ಹತ್ತು ವರ್ಷಗಳ ಮೇಲೆ. ಸಾಕಷ್ಟು ವಿಮೆಯಿಲ್ಲದಲ್ಲಿ ವ್ಯವಹಾರದ ಹತ್ತು ವರ್ಷಗಳ ಭವಿಷ್ಯವೇ ವಿಮಾನಿಧಿಯಾಗಬೇಕಾಯಿತು. ದೊಡ್ಡ ಕಂಪೆನಿಯೊಂದಕ್ಕೆ ಇದು ಸಾಧ್ಯವಾಯಿತು. ಒಂದು ತೊಟ್ಟಿಲಿನ ಮಾಲೀಕನಿಗೆ ಅಂತಹ ಭವಿಷ್ಯವೂ ಇರುವುದಿಲ್ಲ.

ಇದು ದೂರದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿಯೇ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಅನೇಕ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು. ಸರ್ಕಸ್ಸಿಗೆ ಹೋಗುವವರು ಮಕ್ಕಳು ಎಂಬ ಸರಳ ಸಂಗತಿಯೇ ಈ ಹೊಣೆಯ ಭಾರವನ್ನು ಸೂಚಿಸುತ್ತದೆ.

೪. ಕೆಲಸಗಾರರ ವಿಷಯ

ತೊಟ್ಟಿಲನ್ನು ಏರಿ ಬೋಲ್ಟು ಬಿಗಿಯುವವನ ಅಪಾಯ ಅದರಲ್ಲಿ ಕುಳಿತವನ ಅಪಾಯಕ್ಕಿಂತ ಹೆಚ್ಚಿನದು. ಕೆಲಸದ ಕಾರಣದಿಂದ ಕೆಲಸದ ಕಾಲದಲ್ಲಿ ಆದ ಅಪಘಾತಕ್ಕೆ, ಮಾಲೀಕನ ತಪ್ಪನ್ನು ರುಜುವಾತುಪಡಿಸುವ ಅಗತ್ಯವಿಲ್ಲದೆಯೇ ಪರಿಹಾರ ಸಲ್ಲಬೇಕೆಂಬ ತತ್ತ್ವ ನಮ್ಮಲ್ಲಿ 1923ರ ಕಾರ್ಮಿಕರ ಪರಿಹಾರ ಅಧಿನಿಯಮದಿಂದ ನೆಲೆಗೊಂಡಿತು. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು ಅಡಕಗೊಂಡಿದೆ. ಮರಣ ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಆ ಗುಣಕ 207.98. ತಿಂಗಳಿಗೆ 12,000 ರೂಪಾಯಿ ವೇತನದ ಅಂತಹ ಕೆಲಸಗಾರನೊಬ್ಬ ಕಂಬದಿಂದ ಬಿದ್ದು ಸತ್ತರೆ ಅವನ ಕುಟುಂಬಕ್ಕೆ ಸಲ್ಲಬೇಕಾದದ್ದು 6,000ವನ್ನು 207.98ರಿಂದ ಗುಣಿಸಿದ ಮೊತ್ತ, ಅಂದರೆ 12,47,880 ರೂಪಾಯಿ.

ಈ ಲೆಕ್ಕ ವೇತನದ ದಾಖಲೆಯನ್ನು ಆಧರಿಸಿದೆ ಎಂಬುದನ್ನು ಗಮನಿಸಬೇಕು. ಊಟ, ವಸತಿ ಮತ್ತು ದಿನಕ್ಕಿಷ್ಟು ಕೈಖರ್ಚು ಎಂಬ ಬಾಯಿಮಾತಿನ ಕರಾರಿನಲ್ಲಿ ದುಡಿಯುವವನಿಗೆ, ಜಾತ್ರೆಯ ಊರಿನಲ್ಲಿಯೇ ಮೂರು ದಿನಕ್ಕೆಂದು ಹಿಡಿದುಕೊಂಡ ಆಳಿಗೆ ದಾಖಲೆಯೆಲ್ಲಿಯದು? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ವಿಮಾಪತ್ರದ ಲೆಕ್ಕಕ್ಕೂ ಸಿಗುವುದಿಲ್ಲ. ಕಾನೂನಿನ ಹೊಣೆ ಮಾತ್ರ ಮಾಲೀಕನ ಮೇಲೆ ಹಾಗೆಯೇ ಉಳಿಯುತ್ತದೆ. ಆದರೆ ಬಡ ಮಾಲೀಕನ ಮೇಲಿನ ಹೊಣೆಯಿಂದ ಬಡ ವಿಧವೆಯ ಹೊಟ್ಟೆ ತುಂಬುವುದಿಲ್ಲ.

೫. ಪ್ರಸ್ತಾಪಪತ್ರ ಮತ್ತು ಸದ್ಭಾವ

ವಿಮೆಯ ಕರಾರು ಪರಮ ಸದ್ಭಾವದ ಕರಾರು. ತನ್ನ ಅಪಾಯವನ್ನು ಬಲ್ಲವನು ವಿಮೆ ಕೇಳುವವನೇ ಹೊರತು ಕೊಡುವವನಲ್ಲ; ಆದುದರಿಂದ ಬಲ್ಲವನು ಮುಚ್ಚಿಡಕೂಡದೆಂದು 1766ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ನಿರ್ಣಯಿಸಿದ್ದನು. ಸಂಚಾರಿ ವ್ಯವಹಾರದಲ್ಲಿ ಈ ತತ್ತ್ವಕ್ಕೆ ಇನ್ನೂ ಹೆಚ್ಚಿನ ಬಲವುಂಟು. ಕಾರ್ಖಾನೆಯನ್ನು ಕಂಪೆನಿಯ ಪರೀಕ್ಷಕ ಹೋಗಿ ನೋಡಬಲ್ಲ. ಇಂದು ಕೊಟ್ಟೂರಿನಲ್ಲಿದ್ದು ಬರುವ ವಾರ ಮೈಲಾರದಲ್ಲಿರುವ ಯಂತ್ರವನ್ನು ಅವನು ಎಲ್ಲೆಂದು ನೋಡಬೇಕು?

ಪ್ರಸ್ತಾಪಪತ್ರದೊಂದಿಗೆ ಮಾಲೀಕನು ಒದಗಿಸಬೇಕಾದವುಗಳನ್ನು ಹೀಗೆ ಸಂಗ್ರಹಿಸಬಹುದು: ಪ್ರತಿಯೊಂದು ಯಂತ್ರದ ತಯಾರಕ, ತಯಾರಾದ ವರ್ಷ, ಕೊಂಡ ಬೆಲೆಯ ರಸೀದಿ, ಅರ್ಹ ಎಂಜಿನಿಯರರ ತಪಾಸಣಾ ಪತ್ರ, ವಿದ್ಯುತ್ ಜೋಡಣೆಯ ಪ್ರಮಾಣಪತ್ರ, ವರ್ಷದ ಸಂಚಾರದ ಪಟ್ಟಿ, ಯಂತ್ರ ನಡೆಸುವವರ ಹೆಸರು ಹಾಗೂ ಅನುಭವ, ಕೆಲಸಗಾರರ ವೇತನ ಪುಸ್ತಕ, ಹಿಂದಿನ ವರ್ಷಗಳ ಅಪಘಾತಗಳ ವಿವರ. ಕೊನೆಯದನ್ನು ಮುಚ್ಚಿಡುವ ಆಸೆ ಸಹಜ. ಆದರೆ ಅದು ಅತ್ಯಂತ ಹಾನಿಕರ. ಹಳೆಯ ಅಪಘಾತವನ್ನು ತಿಳಿಸಿದರೆ ಪ್ರೀಮಿಯಂ ಏರಬಹುದು. ಮುಚ್ಚಿಟ್ಟರೆ ಹೊಸ ಅಪಘಾತದ ದಿನ ಕರಾರೇ ಬಿದ್ದುಹೋಗಬಹುದು.

ವಿಮಾಯೋಗ್ಯ ಹಿತ ಯಾರದು ಎಂಬ ಪ್ರಶ್ನೆಯೂ ಇಲ್ಲಿ ಜಟಿಲವಾದದ್ದು. ಅನೇಕ ಕಡೆ ಜಾತ್ರೆಯ ಮೈದಾನವನ್ನು ಒಬ್ಬ ಗುತ್ತಿಗೆದಾರ ಹರಾಜಿನಲ್ಲಿ ಹಿಡಿಯುತ್ತಾನೆ. ಅವನಿಂದ ಜಾಗ ಪಡೆದು ಮತ್ತೊಬ್ಬ ತೊಟ್ಟಿಲನ್ನು ಹಾಕುತ್ತಾನೆ. ತೊಟ್ಟಿಲು ಇನ್ನೊಬ್ಬನಿಂದ ಬಾಡಿಗೆಗೆ ತಂದದ್ದಾಗಿರಬಹುದು. ವಿದ್ಯುತ್ತು ಮತ್ತೊಬ್ಬನ ಜನರೇಟರಿನದಾಗಿರಬಹುದು. ಅಪಘಾತವಾದಾಗ ಹೊಣೆ ಈ ನಾಲ್ವರ ನಡುವೆ ಚೆಂಡಿನಂತೆ ಹಾರಾಡುತ್ತದೆ. ವಿಮಾಪತ್ರದಲ್ಲಿ ಒಬ್ಬನ ಹೆಸರು ಮಾತ್ರವಿದ್ದರೆ ಉಳಿದವರ ಹೊಣೆಗೆ ರಕ್ಷಣೆಯಿಲ್ಲ. ಆದುದರಿಂದ ಮೈದಾನದ ಕರಾರು ಬರೆಯುವಾಗಲೇ ಯಾರು ಯಾವುದಕ್ಕೆ ವಿಮೆ ಮಾಡಿಸತಕ್ಕದ್ದೆಂಬುದನ್ನು ಬರೆದು, ಎಲ್ಲರ ಹೆಸರುಗಳನ್ನೂ ವಿಮಾಪತ್ರದಲ್ಲಿ ಸೇರಿಸಬೇಕು. ಮೈದಾನವನ್ನು ಕೊಡುವ ಪಂಚಾಯಿತಿಯೋ ದೇವಸ್ಥಾನದ ಸಮಿತಿಯೋ ಈ ಪತ್ರವನ್ನು ನೋಡದೆ ನೆಲವನ್ನು ಬಿಟ್ಟುಕೊಡದಿದ್ದರೆ ಅರ್ಧ ಕೆಲಸ ಆದಂತೆಯೇ ಸರಿ.

ಹಣ ಸಲ್ಲಿಸುವ ವಿಷಯದಲ್ಲಿಯೂ ಎಚ್ಚರ ಅಗತ್ಯ. 1938ರ ವಿಮಾ ಅಧಿನಿಯಮದ ಪ್ರಕಾರ ಪ್ರೀಮಿಯಂ ಸಂದಾಯವಾಗುವ ಮೊದಲು ಕಂಪೆನಿ ಅಪಾಯವನ್ನು ಹೊರುವಂತಿಲ್ಲ. ‘ಜಾತ್ರೆಯ ಮೊದಲ ದಿನದ ಗಳಿಕೆಯಲ್ಲಿ ಕಟ್ಟುತ್ತೇನೆ’ ಎನ್ನುವವನು ಆ ಮೊದಲ ದಿನ ವಿಮೆಯಿಲ್ಲದವನೇ.

ವಿಮೆಯಿಂದ ಆಗದಿರುವುದನ್ನೂ ಹೇಳಿಬಿಡಬೇಕು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಜಾತ್ರೆಗಳು ನಿಂತಾಗ ಆಟದ ಯಂತ್ರಗಳು ಯಾವ ಹಾನಿಯೂ ಇಲ್ಲದೆ ಸುಮ್ಮನೆ ನಿಂತವು. ಸೊತ್ತಿಗೆ ಹಾನಿಯಾಗದಲ್ಲಿ ಬೆಂಕಿ ವಿಮೆಯ ಆಧಾರದ ಮೇಲೆ ಗಳಿಕೆಯ ನಷ್ಟವನ್ನು ಕೇಳಲು ಬರುವುದಿಲ್ಲ. ಕಾರ್ಯಕ್ರಮ ರದ್ದಾಗುವುದಕ್ಕೆ ಬೇರೆ ವಿಮೆಗಳಿವೆಯಾದರೂ ಅವುಗಳ ಬೆಲೆ ಸಣ್ಣ ಮಾಲೀಕನ ಕೈಗೆ ನಿಲುಕುವುದು ಕಷ್ಟ.

೬. ಸಂಘಟನೆಯ ದಾರಿ

ಒಂದು ತೊಟ್ಟಿಲಿನ ಮಾಲೀಕ ಒಬ್ಬನೇ ಹೋಗಿ ಕೇಳಿದರೆ ಕಂಪೆನಿ ಹಿಂಜರಿಯುವುದು ಸ್ವಾಭಾವಿಕ. ವಿಮೆ ನಿಂತಿರುವುದು ದೊಡ್ಡ ಸಂಖ್ಯೆಯ ನಿಯಮದ ಮೇಲೆ. ಒಂದು ತೊಟ್ಟಿಲಿನ ಅಪಾಯವನ್ನು ಊಹಿಸುವುದು ಜೂಜು. ಐನೂರು ತೊಟ್ಟಿಲುಗಳ ಅಪಾಯವನ್ನು ಎಣಿಸುವುದು ಶಾಸ್ತ್ರ.

ಇಂಗ್ಲೆಂಡಿನ ಉದಾಹರಣೆ ಇಲ್ಲಿ ಬೋಧಪ್ರದ. ಅಲ್ಲಿ ಬಂಡಿಗಳಲ್ಲಿ ವಾಸಿಸುತ್ತ ಊರೂರು ತಿರುಗುವ ಪ್ರದರ್ಶಕರು ತಮ್ಮ ಜೀವನಕ್ರಮಕ್ಕೆ ತೊಡಕಾಗುವ ಮಸೂದೆಯೊಂದನ್ನು ವಿರೋಧಿಸಲು 1889ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಮುಂದೆ ಪ್ರದರ್ಶಕರ ಗಿಲ್ಡ್ ಎಂದು ಪ್ರಸಿದ್ಧವಾಯಿತು. ಸದಸ್ಯರು ಸಾರ್ವಜನಿಕ ಹೊಣೆ ವಿಮೆಯನ್ನು ಹೊಂದಿರುವುದು ಅಲ್ಲಿನ ವೃತ್ತಿನಿಯಮದ ಭಾಗ. 1997ರಿಂದ ಅಲ್ಲಿ ಆಟದ ಯಂತ್ರಗಳ ತಪಾಸಣೆಗೆಂದೇ ಒಂದು ಯೋಜನೆ ನಡೆದುಬಂದಿದೆ. ಪ್ರತಿಯೊಂದು ಯಂತ್ರವನ್ನೂ ವರ್ಷಕ್ಕೊಮ್ಮೆ ಸ್ವತಂತ್ರ ಪರೀಕ್ಷಕರು ನೋಡಿ ಯೋಗ್ಯತಾಪತ್ರ ನೀಡುತ್ತಾರೆ. ಯಂತ್ರ ಎಲ್ಲಿಗೆ ಹೋದರೂ ಪತ್ರ ಅದರ ಜೊತೆಗಿರುತ್ತದೆ. ಹಡಗಿನ ಸಮುದ್ರಯೋಗ್ಯತೆಯ ತತ್ತ್ವವೇ ಇಲ್ಲಿ ನೆಲದ ಮೇಲೆ ಇಳಿದಿದೆಯೆನ್ನಬಹುದು.

ನಮ್ಮಲ್ಲಿಯೂ ಭಾರತೀಯ ಮಾನಕ ಸಂಸ್ಥೆ ಆಟದ ಯಂತ್ರಗಳ ಸುರಕ್ಷತೆಗೆ ಮಾನಕಗಳನ್ನು ಪ್ರಕಟಿಸಿದೆ. ಗುಬ್ಬಿ ಕಂಪೆನಿಯ ಕಾಲದಿಂದಲೂ ಡೇರೆ ಹಾಕಿ ಊರು ತಿರುಗುವ ಕಲೆಯನ್ನು ಬಲ್ಲ ನಾಡು ನಮ್ಮದು. ಕೊರತೆಯಿರುವುದು ಕೌಶಲದಲ್ಲಲ್ಲ, ದಾಖಲೆಯಲ್ಲಿ. ಪ್ರತಿಯೊಂದು ಯಂತ್ರಕ್ಕೂ ಒಂದು ಪುಸ್ತಕವಿರಲಿ ಎಂಬುದು ನಮ್ಮ ಸೂಚನೆ. ಯಾವ ಊರಿನಲ್ಲಿ ಯಾವ ದಿನ ಜೋಡಿಸಲಾಯಿತು, ಯಾರು ಜೋಡಿಸಿದರು, ಖಾಲಿ ತೊಟ್ಟಿಲನ್ನು ಎಷ್ಟು ಹೊತ್ತು ತಿರುಗಿಸಿ ನೋಡಲಾಯಿತು, ಯಾವ ಬೋಲ್ಟು ಬದಲಾಯಿತು, ಯಾರು ಸಹಿ ಹಾಕಿದರು ಎಂಬುದನ್ನು ಪ್ರತಿ ಜಾತ್ರೆಯಲ್ಲಿಯೂ ಬರೆಯುತ್ತ ಹೋದರೆ ಐದಾರು ವರ್ಷಗಳಲ್ಲಿ ಆ ಪುಸ್ತಕವೇ ಯಂತ್ರದ ವಿಳಾಸವಾಗುತ್ತದೆ. ಅಂತಹ ಪುಸ್ತಕಗಳಿರುವ ಮಾಲೀಕರು ಸಂಘವಾಗಿ ಸೇರಿ ಕಂಪೆನಿಯ ಮುಂದೆ ಹೋದರೆ ಅವರ ಮಾತಿಗೆ ಬೇರೆಯೇ ತೂಕವಿರುತ್ತದೆ. ಪುಸ್ತಕವಿಲ್ಲದವರನ್ನೂ ಸೇರಿಸಿಕೊಂಡ ಸಂಘವಾದರೆ, ಕೆಟ್ಟ ಯಂತ್ರಗಳ ಭಾರವನ್ನು ಒಳ್ಳೆಯ ಯಂತ್ರಗಳು ಹೊತ್ತು, ಕಾಲಕ್ರಮದಲ್ಲಿ ಒಳ್ಳೆಯವರು ಹೊರಬಿದ್ದು ಸಂಘವೇ ಕುಸಿಯುವುದು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ವಿಮೆ ದೊರೆಯದಿರುವುದಕ್ಕೆ ಅಪಾಯ ಹೆಚ್ಚೆಂಬುದೊಂದೇ ಕಾರಣವಲ್ಲವೆಂದು ವಿದಿತವಾಗುತ್ತದೆ. ಸಮುದ್ರದ ಅಪಾಯ ಜಾತ್ರೆಯ ಅಪಾಯಕ್ಕಿಂತ ಕಡಿಮೆಯದಾಗಿರಲಿಲ್ಲ. ಆದರೂ ಹಡಗಿಗೆ ವಿಮೆ ದೊರೆಯಿತು. ಹಡಗಿಗೆ ಹೆಸರಿತ್ತು, ದಾಖಲೆಯಿತ್ತು, ಪ್ರತಿ ಪ್ರಯಾಣದ ಮೊದಲೂ ಅದರ ಯೋಗ್ಯತೆಯನ್ನು ಕೇಳುವ ಪದ್ಧತಿಯಿತ್ತು. ಈ ಮೂರನ್ನೂ ತೊಟ್ಟಿಲಿಗೆ ಒದಗಿಸುವುದು ಅಸಾಧ್ಯವೇನಲ್ಲ.

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಜಾತ್ರೆಗೆ ಹೋದಾಗ ಒಂದು ತೊಟ್ಟಿಲಿನ ಬಳಿ ನಿಂತು, ಅದರ ಮಾಲೀಕ ಯಾರು, ಜೋಡಿಸಿದವರು ಯಾರು, ವಿಮಾಪತ್ರ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ ಬರೆದುಕೊಂಡು ಬರಬೇಕೆಂದು ನಮ್ಮ ಅಪೇಕ್ಷೆ. ಉತ್ತರಗಳು ದೊರೆತಷ್ಟೂ ಅಧ್ಯಯನಕ್ಕೆ ಉಪಯೋಗ. ಯಾರಿಗೂ ಉತ್ತರ ತಿಳಿಯದ ತೊಟ್ಟಿಲನ್ನು ಕಂಡರೆ ಅದನ್ನೂ ಬರೆದುಕೊಳ್ಳಲಿ. ಅದರಲ್ಲಿ ತಮ್ಮ ಮನೆಯ ಮಕ್ಕಳನ್ನು ಕೂರಿಸುವ ಮುನ್ನ ಒಮ್ಮೆ ಯೋಚಿಸಲಿ.